ಪ್ರತಿ: ನ್ಯೂಕ್ಲಿಯರ್ ಆರ್ಗನೈಸೇಶನ್‌ಗೆ ಕನ್ನಡ ಏನು? ನಾಳೆ ಬ್ಯಾನರ್ ಅಚ್ಚಿಗೆ ಹೋಗಬೇಕು

"ಬೈಜಿಕ ಸಂಘಟನೆ" ಮಾತ್ರ ಹಾಕಬೇಡಿ ಮಾರಾಯ್ರೆ. ಬೈಜಿಕ ಅಂದ ಕೂಡಲೇ ಕರಾವಳಿಯವರಿಗೆ ನೆನಪಾಗುವುದು ಕೈಗಾ. ಸಂಘಟನೆ ಅಂದರೆ ಹತ್ತು ಜನ ಸೇರಿ ಕಟ್ಟಿದ್ದು. ಮಂಗಳೂರಿನಲ್ಲಿ ಆ ಬ್ಯಾನರ್ ಓದಿದವರು ಅಣುಸ್ಥಾವರದ ವಿಷಯ ಅಂತಲೇ ತಿಳಿಯುತ್ತಾರೆ.

ಬ್ಯಾನರ್ ಇರುವುದು ಜೀನೋಮ್ (ಜೀವಿಯ ಇಡೀ ಡಿಎನ್‌ಎ) ಮತ್ತು ಕ್ಯಾನ್ಸರ್ ಬಗ್ಗೆ ಪಿಎಚ್‌ಡಿ ನಂತರ ಮಾಡುವ ಸಂಶೋಧನೆಗೆ. ಇಲ್ಲಿರುವುದು ಜೀವಕೋಶದ ನ್ಯೂಕ್ಲಿಯಸ್. ಶಾಲೆಯ ಪುಸ್ತಕದ "ಕೋಶಕೇಂದ್ರ" ಮಕ್ಕಳಿಗೂ ಗೊತ್ತು, ಅದೇ ಇರಲಿ. ನನಗೆ "ತಿರುಳು" ಜಾಸ್ತಿ ಇಷ್ಟ. ಲ್ಯಾಟಿನ್‌ನಲ್ಲೂ ನ್ಯೂಕ್ಲಿಯಸ್ ಅಂದರೆ ಕಾಯಿಯೊಳಗಿನ ತಿರುಳೇ, ನಮ್ಮ ಗೇರುಬೀಜದವರ ಬಾಯಲ್ಲಿ ಇವತ್ತಿಗೂ ಇರುವ ಮಾತು. ಆದರೆ ನಾಳೆಯ ಬ್ಯಾನರಿಗೆ ಹೊಸ ಪದ ರೂಢಿಸಲು ಹೊತ್ತಿಲ್ಲ.

ಆರ್ಗನೈಸೇಶನ್‌ಗೆ "ಜೋಡಣೆ" ಆಗುವುದಿಲ್ಲ. ಜೀನೋಮ್ ಜೋಡಣೆ ಅಂದರೆ ಓದಿದ ಡಿಎನ್‌ಎ ತುಣುಕುಗಳನ್ನು ಒಂದಕ್ಕೊಂದು ಸೇರಿಸುವುದು, ಆ ಕೆಲಸವೇ ಬೇರೆ. ಈ ಸಂಶೋಧಕರು ನೋಡುತ್ತಿರುವುದು ಯಾವುದು ಎಲ್ಲಿ ಕೂತಿದೆ ಅಂತ. ಮನುಷ್ಯನ ಒಂದು ಜೀವಕೋಶದ ಸುಮಾರು 2 ಮೀಟರ್ ಡಿಎನ್‌ಎ, ಮಿಲಿಮೀಟರಿನ ನೂರರಲ್ಲೊಂದು ಪಾಲಿನಷ್ಟು ಅಗಲದ ಕೋಶಕೇಂದ್ರದೊಳಗೆ ಹಿಡಿಸಬೇಕು, ಅದನ್ನು ಸುಮ್ನೆ ತುರುಕಿಟ್ಟದ್ದಲ್ಲ. ಡಿಎನ್‌ಎ ಸುತ್ತಿಕೊಂಡಿರುವ ಒಂದೊಂದು ವರ್ಣತಂತುವಿಗೂ (ಕ್ರೋಮೋಸೋಮ್) ಅದರದ್ದೇ ಜಾಗ ಇದೆ. ನಂಬರಿನಿಂದ ಕರೆಯುವ ಈ ವರ್ಣತಂತುಗಳಲ್ಲಿ 18 ಮತ್ತು 19ನೆಯವು ಗಾತ್ರದಲ್ಲಿ ಹೆಚ್ಚುಕಡಿಮೆ ಒಂದೇ. ಆದರೆ ಬಿಳಿ ರಕ್ತಕಣಗಳಲ್ಲಿ ಜೀನ್ ಜಾಸ್ತಿ ಇರುವ 19 ನಡುವಿನ ಕಡೆ, 18 ಅಂಚಿನ ಕಡೆ ಇರುತ್ತದೆ. ಸಿಎಂಎಲ್ ಎಂಬ ರಕ್ತದ ಕ್ಯಾನ್ಸರ್‌ನಲ್ಲಿ 9 ಮತ್ತು 22ನೆಯ ವರ್ಣತಂತುಗಳ ತುಂಡುಗಳು ಅದಲುಬದಲಾಗಿರುತ್ತವೆ ಅಂತ ಅಮೆರಿಕದ ವಿಜ್ಞಾನಿ ಜಾನೆಟ್ ರೌಲಿ 1973ರಲ್ಲಿ ತೋರಿಸಿದರು. ಯಾವುದರ ಪಕ್ಕ ಯಾವುದಿದೆ ಅನ್ನುವುದಕ್ಕೂ ಇಂಥ ಅದಲುಬದಲಿಗೂ ನಂಟಿದೆ. ಈ ಸಂಶೋಧನೆಯ ಜೀವಾಳವೇ ಅದು.

ಹಾಗಾಗಿ ನನ್ನ ಪದ "ಓರಣ". ಅಚ್ಚ ಕನ್ನಡ. ಓರಣ ಕೆಟ್ಟಿತು ಅಂತಲೂ ಹೇಳಬಹುದು. ಕ್ಯಾನ್ಸರ್ ಕೋಶಗಳ ಬಗ್ಗೆ ಹೇಳಬೇಕಾದ್ದೂ ಅದೇ, ಅವುಗಳ ಕೋಶಕೇಂದ್ರ ಊದಿಕೊಂಡು ಆಕಾರಗೆಟ್ಟಿರುವುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಡಾಕ್ಟರುಗಳು ಎಷ್ಟೋ ಸಲ ರೋಗ ಗುರುತಿಸುತ್ತಾರೆ.

ಇನ್ನು ಕ್ಯಾನ್ಸರ್ ತೆಗೆದು "ಅರ್ಬುದ" ಹಾಕಿ ಅನ್ನುವ ಕೆಲವರ ಹಟ. ಅದೂ ಸಂಸ್ಕೃತದಿಂದ ತಂದದ್ದೇ ಅಲ್ವಾ? ಸಾಲ ತರುವುದೇ ಆದರೆ ಜನರಿಗೆ ಗೊತ್ತಿರುವುದನ್ನು ತರುವ. ಆಸ್ಪತ್ರೆಯ ಜಗಲಿಯಲ್ಲಿ ಕೂತ ಯಾರೂ ಅರ್ಬುದ ಅನ್ನುವುದಿಲ್ಲ. ಜೀನೋಮ್ ಕೂಡ ಹಾಗೇ ಇರಲಿ. ಪೋಸ್ಟ್‌ಡಾಕ್ಟರಲ್‌ಗೆ "ಡಾಕ್ಟರೋತ್ತರ" ಬೇಡವೇ ಬೇಡ.

"ಕೋಶಕೇಂದ್ರದೊಳಗೆ ಜೀನೋಮಿನ ಓರಣ ಮತ್ತು ಕ್ಯಾನ್ಸರ್: ಪಿಎಚ್‌ಡಿ ನಂತರದ ಸಂಶೋಧನೆ"

ಇದನ್ನೇ ಅಚ್ಚಿಗೆ ಕೊಡಿ. ಓರಣ ಒಪ್ಪದವರು ರಾತ್ರಿಯೊಳಗೆ ಬೇರೆ ಪದ ಕೊಡಲಿ, ಬರೀ ಬೇಡ ಅಂದರೆ ಸಾಲದು.