ಅಕ್ಷರದೊಳಗಿನ ಏರಿಳಿತಕ್ಕೆ ಕನ್ನಡದಲ್ಲಿ ಏನನ್ನೋಣ? ತಾನ, ಧಾಟಿ, ಅಥವಾ ಬೇರೆ ಏನಾದರೂ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕಾಗಿದೆ. ಸ್ವಲ್ಪ ಬೇಗ ಬೇಕು, ಯಾಕೆಂದರೆ ಅದು ಒಂದು ಸಾಫ್ಟ್‌ವೇರ್‌ನ ಹೆಚ್ಚುಕಡಿಮೆ ಪ್ರತಿ ಪರದೆಯ ಮೇಲೂ ಬರುತ್ತದೆ.

ಚಿಕ್ಕಮಗಳೂರಿನಲ್ಲಿ ನಾವು ಕೆಲವರು ಸೇರಿ, ಕನ್ನಡದ ಮೂಲಕವೇ ಚೀನಾದ ಮ್ಯಾಂಡರಿನ್ ಭಾಷೆ ಕಲಿಸುವ ಸಾಫ್ಟ್‌ವೇರ್ ಕಟ್ಟುತ್ತಿದ್ದೇವೆ. ಚಿತ್ರ, ವಿಡಿಯೋ, ಧ್ವನಿ ಎಲ್ಲ ಇರುತ್ತದೆ. ಕಲಿಯುವವರು ಮೊಬೈಲಿಗೆ ಮಾತಾಡಿದರೆ ಅವರ ದನಿ ಹೇಗೆ ಏರಿತು, ಹೇಗೆ ಇಳಿಯಿತು ಅಂತ ಒಂದು ಗೆರೆ ಮೂಡುತ್ತದೆ. ಹಿಂದೆಯೇ ಆ ಭಾಷೆಯವರ ಗೆರೆ ಕಾಣುತ್ತದೆ. ಎರಡನ್ನೂ ಹೋಲಿಸಿ ನೋಡಬಹುದು.

ಈ ಗೆರೆಯೇ ಅಲ್ಲಿ ಮುಖ್ಯ. ‘ಮಾ’ ಎಂಬ ಒಂದೇ ಉಲಿಯನ್ನು ಎತ್ತರದಲ್ಲಿ ಮಟ್ಟಸವಾಗಿ ಹೇಳಿದರೆ ತಾಯಿ. ನಡುವಿನಿಂದ ಮೇಲಕ್ಕೆ ಎಳೆದರೆ ಸೆಣಬು. ತಗ್ಗಿಸಿ ಮತ್ತೆ ಎತ್ತಿದರೆ ಕುದುರೆ. ಮೇಲಿಂದ ಥಟ್ಟನೆ ಇಳಿಸಿದರೆ ಬೈಯುವುದು. ವ್ಯಂಜನ ಬದಲಾಗಲಿಲ್ಲ, ಸ್ವರವೂ ಬದಲಾಗಲಿಲ್ಲ, ಮಾತೇ ಬೇರೆಯಾಯಿತು. ಇಂಗ್ಲಿಷಿನವರು ಇದನ್ನು ಟೋನ್ ಅನ್ನುತ್ತಾರೆ. ನಾವು?

‘ಟೋನ್’ ಅಂತಲೇ ಇಟ್ಟುಬಿಡಿ ಎಂದು ಹಲವರು ಹೇಳಿದರು. ನನಗೆ ಇಂಗ್ಲಿಷ್ ಪದದ ಮೇಲೆ ಹಟವೇನೂ ಇಲ್ಲ. ಆದರೆ ಮೊಬೈಲಿನಲ್ಲಿ ‘ಟೋನ್ ಆರಿಸಿ’ ಅಂತ ಕಂಡರೆ ಯಾರಿಗಾದರೂ ರಿಂಗ್‌ಟೋನ್ ನೆನಪಾಗುತ್ತದೆ, ಅಲ್ವಾ? ‘ಅವನು ಮಾತಾಡಿದ ಟೋನ್ ಸರಿ ಇರಲಿಲ್ಲ’ ಅನ್ನುವ ಅರ್ಥ ಬೇರೆ ಇದೆ.

‘ಸ್ವರ’ ಅನ್ನಬಹುದಾ? ಕಾಗುಣಿತ ಕಲಿತ ಯಾರನ್ನಾದರೂ ‘ಮಾ’ದ ಸ್ವರ ಬದಲಿಸಿ ಹೇಳಿ ಅಂದರೆ ಮಿ, ಮು, ಮೆ ಅನ್ನುತ್ತಾರೆ. ಅವರು ಹೇಳುವುದೇ ಸರಿ. ಸಂಗೀತ ಕಲಿತವರಿಗೆ ಸ್ವರ ಅಂದರೆ ಸರಿಗಮ. ಪಾಣಿನಿಯ ಉದಾತ್ತ, ಅನುದಾತ್ತ, ಸ್ವರಿತಗಳ (ವೇದ ಓದುವಾಗಿನ ಎತ್ತರ, ತಗ್ಗು, ಇಳಿತಗಳ) ಲೆಕ್ಕದಲ್ಲಿ ಸ್ವರ ಎಂದರೆ ಇದಕ್ಕೆ ತುಂಬಾ ಹತ್ತಿರ, ಅದು ಗೊತ್ತು. ಆದರೂ ಕನ್ನಡ ಶಾಲೆಯಲ್ಲಿ ಓದಿದವರಿಗೆ ಸ್ವರ ಅಂದರೆ ಅ ಆ ಇ ಈ. ಆ ಅರ್ಥವನ್ನು ಒಂದು ಗುಂಡಿ ಒತ್ತಿ ಅಳಿಸಲಾಗದು.

ಇದಕ್ಕೆ ಸೇರಿದ ಇನ್ನೊಂದು ಸಲಹೆಯೂ ಬಂತು. ರುದ್ರ, ಪುರುಷಸೂಕ್ತದ ಪುಸ್ತಕಗಳಲ್ಲಿ ಕನ್ನಡ ಅಕ್ಷರದ ಕೆಳಗೆ ಅಡ್ಡಗೆರೆ, ಮೇಲೆ ನೆಟ್ಟಗೆರೆ ಇರುತ್ತದಲ್ಲ, ಅದನ್ನೇ ಬಳಸಿ ಅಂತ. ಮೊದಲು ಕೇಳಿದಾಗ ತುಂಬಾ ಚೆನ್ನಾಗಿದೆ ಅನ್ನಿಸಿತು. ಆದರೆ ಶೃಂಗೇರಿ ಇರುವ ಜಿಲ್ಲೆ ನಮ್ಮದು. ಆ ಗುರುತು ನೋಡಿದ ಕೂಡಲೇ ವೇದದ ಧಾಟಿಯಲ್ಲೇ ಓದುವವರು ಇಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಅವರ ನಾಲಿಗೆಗೆ ಗೊಂದಲ ತರುವುದು ಬೇಡ.

‘ದನಿ’ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಎಲ್ಲರಿಗೂ ಗೊತ್ತಿರುವ ಪದ, ಬಾಯಿಗೂ ಸುಲಭ. ಗೆಳೆಯರೊಬ್ಬರು ಎರಡನೆಯ ಬಗೆಗೆ ‘ಏರುದನಿ’ ಎಂದು ಹೆಸರಿಟ್ಟು, ಪರದೆಯ ಮೇಲೆ ‘ದನಿ ಏರಿಸಿ’ ಎಂದು ಬರೆದು, ಇಲ್ಲಿಯ ಕಾಫಿ ತೋಟದ ರೈಟರ್ (ಆಳುಗಳ ಲೆಕ್ಕ ನೋಡಿಕೊಳ್ಳುವವರು) ಒಬ್ಬರ ಕೈಗೆ ಮೊಬೈಲ್ ಕೊಟ್ಟರು. ಅವರು ಗಂಟಲು ಸರಿಮಾಡಿಕೊಂಡು, ಆಳನ್ನು ಆಚೆ ಗುಡ್ಡದಿಂದ ಕರೆಯುವ ಹಾಗೆ ‘ಮಾ!’ ಎಂದರು. ಗೆರೆ ಇಡಿಯಾಗಿ ಮೇಲಕ್ಕೆ ಹೋಯಿತು, ಆದರೆ ಮಟ್ಟಸವಾಗಿಯೇ ಇತ್ತು. ಅಂದರೆ ಸೆಣಬು ಹೇಳಬೇಕಾದವರು ತಾಯಿಯನ್ನು ಕೂಗಿದರು. ತಪ್ಪು ಅವರದ್ದಲ್ಲ. ಕನ್ನಡದಲ್ಲಿ ದನಿ ಏರಿಸುವುದು ಅಂದರೆ ಜೋರು ಮಾಡುವುದೇ. ಏರುದನಿ ಅಂದರೆ ಜಗಳದ ದನಿ. ಹಾಗಾಗಿ ದನಿ ಬೇಡ ಎಂದು ನನ್ನ ಮಟ್ಟಿಗೆ ತೀರ್ಮಾನವಾಗಿದೆ.

ಅದೇ ರೈಟರ್‌ಗೆ ‘ಶ್ರುತಿ ಏರಿಸಿ’ ಎಂದಾಗ ಕೂಡಲೇ ಅರ್ಥವಾಯಿತು. ಅವರು ಭಜನೆಗೆ ಹೋಗುವವರು, ಹಾರ್ಮೋನಿಯಂ ಕೇಳಿ ಗೊತ್ತು. ಹಾಗಂತ ಆ ಬಗೆಗೇ ಶ್ರುತಿ ಎಂದು ಹೆಸರಿಟ್ಟರೆ ಸರಿಹೋಗದು. ಹಾಡಿನ ಉದ್ದಕ್ಕೂ ಕದಲದೆ ನಿಲ್ಲುವುದು ಶ್ರುತಿ, ಇಲ್ಲಿ ಬೇಕಾದದ್ದು ಒಂದು ಅಕ್ಷರದೊಳಗೇ ಕದಲುವುದಕ್ಕೆ ಹೆಸರು. ಆದರೆ ಶ್ರುತಿಗೆ ಬೇರೆ ಜಾಗ ಸಿಕ್ಕಿದೆ. ಗಂಡಸರ ದನಿ ಸುಮಾರು 100 ಹರ್ಟ್ಸ್ (ಸೆಕೆಂಡಿಗೆ 100 ಕಂಪನ) ಆಸುಪಾಸಿನಲ್ಲಿ, ಹೆಂಗಸರದು ಸುಮಾರು 200ರ ಆಸುಪಾಸಿನಲ್ಲಿ ಇರುತ್ತದೆ. ಕಲಿಸುವ ದನಿ ಹೆಂಗಸಿನದಾಗಿ, ಕಲಿಯುವವರು ಗಂಡಸಾದರೆ ಗೆರೆ ಯಾವತ್ತೂ ಕೂಡುವುದಿಲ್ಲ. ಅದಕ್ಕೇ ಪಾಠಕ್ಕೆ ಮೊದಲು ಪ್ರತಿಯೊಬ್ಬರ ತಳ, ತುದಿ ಎರಡನ್ನೂ ಅಳೆದುಕೊಳ್ಳಬೇಕು. ಆ ಪರದೆಗೆ ‘ನಿಮ್ಮ ಶ್ರುತಿ ಕೊಡಿ’ ಎಂದು ಹಾಕಿದ್ದೇವೆ. ಯಾರೂ ಏನದು ಅಂತ ಕೇಳಲಿಲ್ಲ.

ನಾಲ್ಕು ಬಗೆಗಳ ಹೆಸರಿನ ವಿಷಯದಲ್ಲಿ ನನಗೆ ಧೈರ್ಯ ಇದೆ. ನಮ್ಮ ಘಾಟಿ ರಸ್ತೆಯ ಮಾತುಗಳೇ ಸಾಕು: ಮಟ್ಟ, ಏರು, ತಗ್ಗು, ಇಳಿಜಾರು. ಪರದೆಯ ಗೆರೆಯೂ ರಸ್ತೆಯ ಹಾಗೇ ಕಾಣುತ್ತದೆ. ಭಾಷಾಶಾಸ್ತ್ರಜ್ಞ ಯುಆನ್ ರೆನ್ ಚಾವ್ 1930ರಲ್ಲಿ ಐದು ಮೆಟ್ಟಿಲ ಅಳತೆ ಕೊಟ್ಟರು, 1 ಎಲ್ಲಕ್ಕಿಂತ ಕೆಳಗೆ, 5 ಎಲ್ಲಕ್ಕಿಂತ ಮೇಲೆ. ಶುರುವಾಗುವ ಮೆಟ್ಟಿಲು, ಮುಗಿಯುವ ಮೆಟ್ಟಿಲು, ನಡುವೆ ತಿರುಗಿದರೆ ಅದೂ, ಹೀಗೆ ಒಂದೊಂದು ಅಂಕಿ. ಆ ಲೆಕ್ಕದಲ್ಲಿ ಮಟ್ಟ 55, ಏರು 35, ತಗ್ಗು 214, ಇಳಿಜಾರು 51. ಕರ್ನಾಟಕ ಸಂಗೀತದ ಗಮಕಗಳಲ್ಲೂ (ಸ್ವರವನ್ನು ಅಲುಗಿಸುವ, ಎಳೆಯುವ ಬಗೆಗಳಲ್ಲೂ) ಜಾರು ಇದೆ, ಹಾಗಾಗಿ ಹಾಡುವವರಿಗೂ ಇಳಿಜಾರು ಹೊಸದಲ್ಲ.

ಮೂರನೆಯದಕ್ಕೆ ‘ಬಾಗು’ ಎನ್ನೋಣ, ಗೆರೆ ಬಾಗಿದೆಯಲ್ಲ ಎಂದು ತಂಡದಲ್ಲಿ ವಾದ ನಡೆಯಿತು. ನಾನು ತಗ್ಗಿನ ಪರ ನಿಂತೆ. 214 ಎಂಬ ಪೂರ್ತಿ ಬಾಗು ಬರುವುದು ಪದವನ್ನು ಒಂಟಿಯಾಗಿ ಹೇಳಿದಾಗ, ಇಲ್ಲವೇ ಮಾತು ನಿಲ್ಲುವಲ್ಲಿ. ಬೇರೆ ಬಗೆಯ ಅಕ್ಷರ ಮುಂದೆ ಬಂದರೆ ಅದು ಬರೀ 21, ಕೆಳಗೇ ಉಳಿಯುತ್ತದೆ, ಮೇಲಕ್ಕೆ ಏಳುವುದೇ ಇಲ್ಲ. ಬಾಗು ಅಂತ ಕಲಿಸಿದರೆ ಪ್ರತಿ ಸಲವೂ ಬಾಗಿಸಲು ಹೋಗಿ ಮಾತು ಕುಂಟುತ್ತದೆ. ತಗ್ಗು ಅಂದರೆ ಎರಡಕ್ಕೂ ಹೊಂದುತ್ತದೆ. ಎರಡು ತಗ್ಗು ಒಟ್ಟಿಗೆ ಬಂದರೆ ಮೊದಲನೆಯದು ಏರು ಆಗುತ್ತದೆ; ‘ನೀ ಹಾವ್’ ಎಂಬ ನಮಸ್ಕಾರದಲ್ಲಿ ಆಗುವುದು ಇದೇ. ಅದಕ್ಕೆ ಪದ ಹುಡುಕಬೇಕಾಗಿಲ್ಲ, ಸಂಧಿ ಎಂಬ ಮಾತು ಇದ್ದೇ ಇದೆ.

ಹೆಸರಿಲ್ಲದೆ ಉಳಿದಿರುವುದು ಈ ನಾಲ್ಕಕ್ಕೂ ಒಟ್ಟಾಗಿ. ‘ಏರಿಳಿತ’ವನ್ನು ಬೇರೆ ಕೆಲಸಕ್ಕೆ ಇಟ್ಟುಕೊಳ್ಳಬೇಕು. ‘ಹೂಂ’ ಅನ್ನುವುದನ್ನೇ ನೋಡಿ. ಮಟ್ಟಸವಾಗಿ ಅಂದರೆ ಒಪ್ಪಿಗೆ, ಕೊನೆಯಲ್ಲಿ ಎತ್ತಿದರೆ ಪ್ರಶ್ನೆ, ಎಳೆದು ಇಳಿಸಿದರೆ ಮನಸ್ಸಿಲ್ಲದ ಒಪ್ಪಿಗೆ. ಅಲ್ಲಿ ಬದಲಾಗುವುದು ಭಾವ, ಪದವಲ್ಲ. ಇದೂ ಏರಿಳಿತ, ಅದೂ ಏರಿಳಿತ ಎಂದರೆ ಕಲಿಯುವವರಿಗೆ ಮುಖ್ಯವಾದ ವ್ಯತ್ಯಾಸವೇ ತಪ್ಪಿಹೋಗುತ್ತದೆ. ‘ಧಾಟಿ’, ‘ಮಟ್ಟು’ ಎರಡೂ ನನಗೆ ಇಷ್ಟ, ಆದರೆ ಅವು ಇಡೀ ಮಾತಿಗೆ, ಇಡೀ ಹಾಡಿಗೆ ಸೇರಿದವು. ಹಿಂದಿಯಲ್ಲಿ ಟೋನ್‌ಗೆ ಸುರ್, ತಾನ್ ಎರಡೂ ಇವೆ. ಕನ್ನಡದಲ್ಲಿ ಸುರ ಅಂದರೆ ದೇವತೆ. ಹಾಗಾಗಿ ‘ತಾನ’ ಉಳಿಯಿತು. ಚಿಕ್ಕದು, ‘ತಾನಭಾಷೆ’ ಅಂತ ಕೂಡಿಸಬಹುದು. ರಾಗ ತಾನ ಪಲ್ಲವಿ ಕೇಳಿದವರಿಗೆ ಬೇರೆ ಅರ್ಥ ಹೊಳೆಯುತ್ತದೆ, ಉಳಿದವರಿಗೆ ಏನೂ ಹೊಳೆಯುವುದಿಲ್ಲ. ಎರಡನೆಯದು ನನಗೆ ಒಳ್ಳೆಯದೇ ಅನ್ನಿಸುತ್ತದೆ.

ಇದು ಚೀನಿ ಭಾಷೆಗೆ ಮಾತ್ರ ಬೇಕಾದ ಪದವಲ್ಲ. ಪಂಜಾಬಿಯಲ್ಲಿ ‘ಘೋಡಾ’ (ಕುದುರೆ) ಎಂದು ಬರೆದರೂ ಬಾಯಲ್ಲಿ ಬರುವುದು ಕಕಾರ, ತಗ್ಗಿದ ಶ್ರುತಿಯಲ್ಲಿ. ಅದನ್ನೇ ತಗ್ಗಿಸದೆ ಹೇಳಿದರೆ ಚಾಟಿ, ಎತ್ತರಿಸಿದರೆ ಕುಷ್ಠರೋಗಿ. 2003ರ 92ನೇ ತಿದ್ದುಪಡಿಯಿಂದ ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿದ ನಾಲ್ಕು ಭಾಷೆಗಳಲ್ಲಿ ಅಸ್ಸಾಮಿನ ಬೋಡೊ ಮತ್ತು ಜಮ್ಮುವಿನ ಡೋಗ್ರಿ ಎರಡೂ ಇದೇ ಬಗೆಯವು. ಎರಡೂ ದೇವನಾಗರಿಯಲ್ಲಿ ಬರೆಯುವಾಗ ಇದಕ್ಕಾಗಿ ಮೇಲೊಂದು ಅಲ್ಪವಿರಾಮದಂಥ ಗುರುತು ಹಾಕುತ್ತಾರೆ. ಡೋಗ್ರಿಯವರು ಅದನ್ನು ಸುರ್ ಚಿಹ್ನ್ ಅನ್ನುತ್ತಾರೆ, ಬೋಡೊದವರು ಗೊಜೌ ಕಾಮಾ, ಅಂದರೆ ಮೇಲಿನ ಅಲ್ಪವಿರಾಮ. ನಮ್ಮ ಕಡೆಯ ತೋಟಗಳಿಗೆ ಅಸ್ಸಾಮಿನಿಂದ ಕೆಲಸಕ್ಕೆ ಬಂದವರಲ್ಲಿ ಬೋಡೊ ಮನೆಮಾತಿನವರೂ ಇದ್ದಾರೆ. ಮ್ಯಾಂಡರಿನ್ ಮುಗಿದ ಮೇಲೆ ಅವರ ಜೊತೆ ಕೂತು ಬೋಡೊ ಪಾಠ ಮಾಡಬೇಕು ಅಂತ ನನಗೆ ತುಂಬಾ ಆಸೆ. ತೋಟದ ಕೆಲಸದವರ ಲೈನ್ ಮನೆಗೆ ಹೋಗಿ ನಾಲ್ಕು ಮಾತು ಅವರದೇ ಭಾಷೆಯಲ್ಲಿ ಸರಿಯಾಗಿ ಆಡುವುದು ಸಣ್ಣ ವಿಷಯವಲ್ಲ.

ಈಗ ನನ್ನ ಪ್ರಶ್ನೆಗಳು. ‘ತಾನ’ ನಿಮ್ಮ ಕಿವಿಗೆ ಹೇಗಿದೆ? ಭಾಷಾಶಾಸ್ತ್ರ ಪಾಠ ಮಾಡುವವರು ತರಗತಿಯಲ್ಲಿ ಯಾವ ಪದ ಬಳಸುತ್ತೀರಿ? ಯಕ್ಷಗಾನ, ತತ್ವಪದ, ಸೋಬಾನೆ ಹಾಡುವವರ ಬಾಯಲ್ಲಿ, ಒಂದೇ ಅಕ್ಷರವನ್ನು ಕೆಳಗಿಂದ ಮೇಲಕ್ಕೆ ಎಳೆಯುವುದಕ್ಕೆ ಬೇರೆ ಮಾತು ಇದೆಯಾ? ಇದ್ದರೆ ಯಾವ ಊರಿನ ಬಳಕೆ ಎಂದು ಸೇರಿಸಿ ಬರೆಯಿರಿ. ಮೊಬೈಲ್ ಗುಂಡಿಯ ಮೇಲೆ ಹಿಡಿಸಬೇಕು, ಮೂರು ಅಕ್ಷರಕ್ಕಿಂತ ಜಾಸ್ತಿ ಬೇಡ.