ಚುನಾವಣೆ ಫಲಿತಾಂಶದ ಜೊತೆ ನಂಬಿಕೆಯೂ ಏರಿಳಿಯುತ್ತಿದೆ, ನಿಮಗೂ ಹೀಗಾ?

ಬೆಟಗೇರಿಯವನು:
ಗದಗ-ಬೆಟಗೇರಿ ಕಡೆಯವನು ನಾನು, ಅಜ್ಜನ ಕಾಲದಿಂದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. 2021ರ ಡಿಸೆಂಬರ್ 23ಕ್ಕೆ, ಕ್ರಿಸ್‌ಮಸ್‌ಗೆ ಎರಡೇ ದಿನ ಇರುವಾಗ, ಮತಾಂತರ ನಿಷೇಧ ಮಸೂದೆ ವಿಧಾನಸಭೆಯಲ್ಲಿ ಪಾಸಾಯಿತು. ಆ ಸಲ ಮನೆಮನೆಗೆ ಹೋಗಿ ಹಾಡುವ ಕ್ಯಾರೋಲ್‌ಗೆ ಹೊರಡಲು ನಮ್ಮ ಹುಡುಗರು ಹಿಂದೇಟು ಹಾಕಿದರು. 2023ರ ಜೂನ್‌ನಲ್ಲಿ ಹೊಸ ಸಂಪುಟ ಆ ಕಾಯ್ದೆ ರದ್ದು ಮಾಡಲು ತೀರ್ಮಾನಿಸಿದಾಗ ಸಭೆಯ ವಾಟ್ಸಾಪ್ ಗುಂಪಿನಲ್ಲಿ ಹಲ್ಲೆಲೂಯಾಗಳ ಸುರಿಮಳೆ. ಈಸ್ಟರ್‌ಗೂ ಅಷ್ಟು ಬಂದಿರಲಿಲ್ಲ!

ಈಗ ಬೆಳಿಗ್ಗೆ ಬೈಬಲ್‌ಗಿಂತ ಮೊದಲು ನ್ಯೂಸ್ ನೋಡುತ್ತೇನೆ. ನಮ್ಮ ಪರ ಇರುವವರು ಗೆದ್ದರೆ ದೇವರಿದ್ದಾನೆ ಅನಿಸುತ್ತದೆ. ಸೋತರೆ ಪ್ರಾರ್ಥನೆಗೆ ಮನಸ್ಸೇ ಬರುವುದಿಲ್ಲ. ನಮ್ಮ ಸಭೆಯ ಪಾದ್ರಿ ಅಯ್ಯನವರ ಹತ್ತಿರ ಹೇಳಿಕೊಂಡೆ. ಅವರು ಬೈಬಲ್‌ನ 146ನೇ ಕೀರ್ತನೆ ತೆಗೆದು, ಅಧಿಕಾರದಲ್ಲಿರುವವರನ್ನು ನಂಬಬೇಡಪ್ಪಾ, ದೇವರನ್ನು ನಂಬು ಅಂದರು. ಸರಿ, ಆದರೆ ಸುಮ್ನೆ ಕಣ್ಣು ಮುಚ್ಚಿ ಕೂರುವುದಕ್ಕೆ ಇದೊಂದು ನೆಪ ಅಲ್ವಾ?

ಬಲ್ಮಠದ ಅಕ್ಕ:
ತಮ್ಮಾ, ನಾನು ಮಂಗಳೂರಿನವಳು. 2008ರ ಸೆಪ್ಟೆಂಬರ್ 14, ಭಾನುವಾರ, ಇಲ್ಲಿನ ಕ್ರೈಸ್ತ ಸನ್ಯಾಸಿನಿಯರ ಆಡೊರೇಷನ್ ಮಠಕ್ಕೆ ನುಗ್ಗಿ ದಾಂಧಲೆ ಮಾಡಿದರು. ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಮಲಗಲಿಲ್ಲ. ಆಮೇಲೆ ತನಿಖಾ ಆಯೋಗ ಬಂತು, ಸರ್ಕಾರಗಳು ಬಂದು ಹೋದವು. ‘ಮುಂದಿನ ಚುನಾವಣೆ ಬರಲಿ, ಎಲ್ಲ ಸರಿಹೋಗುತ್ತೆ’ ಅನ್ನುವವರು ಪ್ರತಿ ಸಲವೂ ಇದ್ದರು.

ಬೈಬಲ್‌ನಲ್ಲಿ ಪ್ರವಾದಿ ಯೆರೆಮೀಯನ ಪುಸ್ತಕದ 28ನೇ ಅಧ್ಯಾಯದಲ್ಲಿ ಹನನ್ಯ ಅಂತ ಒಬ್ಬ ಬರುತ್ತಾನೆ. ಆಗ ಯೆಹೂದ್ಯರು ಬಾಬೆಲ್ (ಬ್ಯಾಬಿಲೋನ್) ರಾಜನ ಕೈಕೆಳಗೆ, ಬಹಳ ಜನ ಅಲ್ಲಿಗೆ ಸೆರೆಹೋಗಿದ್ದರು. ಎರಡೇ ವರ್ಷದಲ್ಲಿ ಬಾಬೆಲಿನ ಕಾಟ ಮುಗಿಯುತ್ತದೆ ಅಂತ ಸಾರಿ, ಆ ದಾಸ್ಯದ ಗುರುತಾಗಿ ಯೆರೆಮೀಯನ ಕೊರಳಲ್ಲಿದ್ದ ನೊಗವನ್ನೇ ಮುರಿದು ಹಾಕುತ್ತಾನೆ. ಜನಕ್ಕೆ ಖುಷಿಯಾಗಿರಬೇಕು. ಯೆರೆಮೀಯ ಸೆರೆಹೋದವರಿಗೆ ಬರೆದ ಪತ್ರದ ಧಾಟಿಯೇ ಬೇರೆ. ಎಪ್ಪತ್ತು ವರ್ಷ ಹಿಡಿಯುತ್ತದೆ, ಮನೆ ಕಟ್ಟಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ಇರುವ ಊರಿಗಾಗಿ ಪ್ರಾರ್ಥಿಸಿ ಅಂತ. ಅದೂ ಬಾಬೆಲಿಗಾಗಿ! ಅದನ್ನು ಓದಿದ ಮೇಲೆ ಐದೈದು ವರ್ಷದ ಲೆಕ್ಕ ಹಾಕುವುದು ಬಿಟ್ಟೆ. ವೋಟು ಬಿಟ್ಟಿಲ್ಲ ಮಾರಾಯ, ಬೂತ್ ತೆರೆಯುವ ಮೊದಲೇ ಸಾಲಿನಲ್ಲಿ ಇರುತ್ತೇನೆ. ಗೆದ್ದವರಿಗಾಗಿಯೂ ಪ್ರಾರ್ಥಿಸುತ್ತೇನೆ, ಕೆಲವು ಸಲ ಹಲ್ಲು ಕಚ್ಚಿಕೊಂಡು.

ಇನ್ನು ನಿಮ್ಮ ಅಯ್ಯನವರು ಮೂರನೇ ವಚನಕ್ಕೇ ನಿಲ್ಲಿಸಿದ ಹಾಗಿದೆ. ಏಳರಿಂದ ಒಂಬತ್ತರವರೆಗೂ ಓದಿ. ಕುಗ್ಗಿದವರಿಗೆ ನ್ಯಾಯ, ಹಸಿದವರಿಗೆ ಅನ್ನ, ಸೆರೆಯಲ್ಲಿದ್ದವರಿಗೆ ಬಿಡುಗಡೆ, ವಿಧವೆಯರಿಗೆ ಅನಾಥರಿಗೆ ಆಸರೆ. ಆ ದೇವರನ್ನು ನಂಬಿ ಕಣ್ಣು ಮುಚ್ಚಿ ಕೂರುವುದು ಹೇಗೆ?

ಕೋಲಾರದವ:
ಅಕ್ಕಾ, ಮಾತು ಚೆನ್ನಾಗಿದೆ. ಆದರೆ ನಮ್ಮಂಥ ದಲಿತ ಕ್ರೈಸ್ತರಿಗೆ ಎಪ್ಪತ್ತು ವರ್ಷ ಆಗಲೇ ದಾಟಿದೆ. 1950ರ ರಾಷ್ಟ್ರಪತಿ ಆದೇಶದಲ್ಲಿ ಪರಿಶಿಷ್ಟ ಜಾತಿ ಅಂದರೆ ಹಿಂದೂಗಳು ಮಾತ್ರ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ನಾವೂ ಮುಸ್ಲಿಮರೂ ಹೊರಗೇ. ಊರಲ್ಲಿ ಮಾತ್ರ ಯಾರೂ ನಮ್ಮ ಜಾತಿ ಮರೆತಿಲ್ಲ. ಸಭೆಯೊಳಗೂ ಮರೆತಿಲ್ಲ, ಹೆಣ್ಣು ಕೇಳಲು ಹೋದರೆ ಗೊತ್ತಾಗುತ್ತದೆ. ಇದನ್ನು ಬದಲಿಸಬೇಕಾದ್ದು ಸಂಸತ್ತು. ಇದನ್ನು ಪರಿಶೀಲಿಸಲು 2022ರಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ ಮಾಡಿದರು. ನನ್ನ ಭರವಸೆ ಜಾಸ್ತಿ ಇರುವುದು ಅಲ್ಲೇ, ತಪ್ಪಾ?

ಬಲ್ಮಠದ ಅಕ್ಕ:
ತಪ್ಪಲ್ಲ. ಕೇಳಲೇಬೇಕು, ಜೋರಾಗಿಯೇ ಕೇಳಿ. ನನ್ನ ಹೆದರಿಕೆ ಬೇರೆ. ನಾಳೆ ಆಯೋಗ ಆಗಲ್ಲ ಅಂದುಬಿಟ್ಟರೆ ನಿಮ್ಮ ಹುಡುಗರು ಕುಸಿದು ಹೋಗಬಾರದು. ಕ್ರಿಸ್ತನ ಮುಂದೆ ಅವರು ಯಾರಿಗೂ ಕಡಿಮೆಯಿಲ್ಲ, ಅದಕ್ಕೆ ಯಾವ ಆಯೋಗದ ಸಹಿಯೂ ಬೇಕಿಲ್ಲ.

ಬೆಟಗೇರಿಯವನು:
146 ಪೂರ್ತಿ ಓದಿದೆ ಅಕ್ಕಾ. ನ್ಯೂಸ್ ಆಪ್ ಮಾತ್ರ ಇನ್ನೂ ಫೋನ್‌ನಲ್ಲೇ ಇದೆ.

ಕೋಲಾರದವ:
ಸರಿ. ನಾವೊಂದು ಮನವಿ ಬರೆಯುತ್ತಿದ್ದೇವೆ. ನಿಮ್ಮ ಸಭೆಯವರು ಸಹಿ ಹಾಕುತ್ತಾರಾ?

ಬಲ್ಮಠದ ಅಕ್ಕ:
ಎಲ್ಲರೂ ಹಾಕಲ್ಲ. ಯಾರು ಹಾಕಲ್ಲ ಅಂತ ಈಗಲೇ ಹೇಳಬಲ್ಲೆ. ಕಳಿಸಿ, ಭಾನುವಾರ ಆರಾಧನೆ ಮುಗಿದ ಮೇಲೆ ಬಾಗಿಲಲ್ಲೇ ನಿಂತು ಕೇಳುತ್ತೇನೆ.