ಸಹಾಯ ಬೇಕು: ಒಳ್ಳೆಮೆಣಸಿನ ಡಬ್ಲ್ಯುಆರ್‌ಕೆವೈ ಜೀನ್‌ಗಳಲ್ಲಿ ಅರ್ಧ ಡೊಮೇನ್ ಇರುವುದನ್ನು ಏನು ಮಾಡಲಿ?

ಎಲ್ಲರಿಗೂ ನಮಸ್ಕಾರ. ನಾನು ಬದಿಯಡ್ಕದವಳು, ಎಂಎಸ್ಸಿ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಮಳೆಗಾಲ ಬಂದರೆ ಸಾಕು, ನಮ್ಮ ತೋಟದ ಒಳ್ಳೆಮೆಣಸಿನ ಬಳ್ಳಿಗಳು ಸೊರಗು ರೋಗಕ್ಕೆ ಸಾಯುತ್ತವೆ, ಅದಕ್ಕೇ ಗಿಡ ರೋಗ ತಡೆಯುವುದರಲ್ಲಿ ಕೈಯಿರುವ ಡಬ್ಲ್ಯುಆರ್‌ಕೆವೈ ಎಂಬ ಜೀನ್ ಕುಟುಂಬವನ್ನೇ (ಇವುಗಳ ಪ್ರೋಟೀನ್‌ಗಳು ಬೇರೆ ಜೀನ್‌ಗಳ ಕೆಲಸವನ್ನು ನಿಯಂತ್ರಿಸುತ್ತವೆ) ಆರಿಸಿಕೊಂಡೆ.

2019ರಲ್ಲಿ ಪ್ರಕಟವಾದ ಒಳ್ಳೆಮೆಣಸಿನ ಜೀನೋಮ್‌ನ (ಇಡೀ ಡಿಎನ್‌ಎಯ) ಪ್ರೋಟೀನ್ ಫೈಲ್ ತೆಗೆದುಕೊಂಡು, ಪಿಫ್ಯಾಮ್ ಎಂಬ ಪ್ರೋಟೀನ್ ಕುಟುಂಬಗಳ ಡೇಟಾಬೇಸ್‌ನ ಪಿಎಫ್03106 ಮಾಡೆಲ್ (ಈ ಕುಟುಂಬದ ಗುರುತಾದ ಪ್ರೋಟೀನ್ ಭಾಗ, ಅಂದರೆ ಡೊಮೇನ್‌ನ ನಮೂನೆ) ಇಟ್ಟು ಹ್ಯಾಮರ್ ಎಂಬ ಸಾಫ್ಟ್‌ವೇರ್‌ನಲ್ಲಿ ಹುಡುಕಿದೆ. ಒಂದೇ ಜೀನ್‌ಗೆ ಹಲವು ಟ್ರಾನ್ಸ್‌ಕ್ರಿಪ್ಟ್ (ಆರ್‌ಎನ್‌ಎ ನಕಲು) ಇದ್ದಲ್ಲಿ ಉದ್ದದ್ದನ್ನು ಮಾತ್ರ ಇಟ್ಟುಕೊಂಡೆ. ಸಂಶೋಧನೆಗೆ ಮಾದರಿಯಾಗಿ ಬಳಸುವ ಅರಾಬಿಡಾಪ್ಸಿಸ್ ಗಿಡದ ಪ್ರೋಟೀನ್‌ಗಳ ಜೊತೆ ಟ್ರೀ (ಯಾವುದು ಯಾವುದಕ್ಕೆ ಹತ್ತಿರ ಎಂದು ತೋರಿಸುವ ವಂಶವೃಕ್ಷ) ಕೂಡ ಕಟ್ಟಿದೆ. ಇಲ್ಲಿವರೆಗೆ ಸರಿ.

ಸಿಕ್ಕಿಹಾಕಿಕೊಂಡದ್ದು ಇಲ್ಲಿ. ಐದಾರು ಸೀಕ್ವೆನ್ಸ್‌ಗಳಲ್ಲಿ ಡಬ್ಲ್ಯುಆರ್‌ಕೆವೈಜಿಕ್ಯೂಕೆ ಎಂಬ ಏಳು ಅಮೈನೋ ಆಮ್ಲ ಸರಿಯಾಗಿಯೇ ಇವೆ, ಆದರೆ ಅದರ ನಂತರ ಬರಬೇಕಾದ ಜಿಂಕ್ ಫಿಂಗರ್ (ಡೊಮೇನ್‌ನಲ್ಲಿ ಸತುವನ್ನು ಹಿಡಿದುಕೊಳ್ಳುವ ಭಾಗ) ಅರ್ಧಕ್ಕೇ ನಿಂತಿದೆ. ಮೂರನೇ ಗುಂಪಿನದು ಸಿ2ಎಚ್‌ಸಿ, ಉಳಿದವು ಸಿ2ಎಚ್2 (ಸಿ ಅಂದರೆ ಸಿಸ್ಟೀನ್, ಎಚ್ ಅಂದರೆ ಹಿಸ್ಟಿಡೀನ್ ಎಂಬ ಅಮೈನೋ ಆಮ್ಲ) ಅಂತ ಗುಂಪು ಮಾಡುವುದೇ ಆ ಭಾಗ ನೋಡಿ ಅಲ್ವಾ? ಟ್ರೀಯಲ್ಲೂ ಇವುಗಳ ಬೂಟ್‌ಸ್ಟ್ರಾಪ್ (ಕೊಂಬೆಯ ಜಾಗವನ್ನು ಎಷ್ಟು ನಂಬಬಹುದು ಎಂಬ ಅಂಕ) ತೀರಾ ಕಡಿಮೆ. ಸುಮ್ನೆ ತೆಗೆದುಹಾಕಲು ಮನಸ್ಸು ಬರುತ್ತಿಲ್ಲ, ಜೀನ್ ಪ್ರೆಡಿಕ್ಷನ್ (ಡಿಎನ್‌ಎಯಲ್ಲಿ ಜೀನ್ ಎಲ್ಲಿದೆ ಎಂದು ಕಂಪ್ಯೂಟರ್ ಊಹಿಸುವುದು) ತಪ್ಪಿ ಕೊನೆಯ ಎಕ್ಸಾನ್ (ಜೀನ್‌ನಲ್ಲಿ ಪ್ರೋಟೀನ್‌ಗೆ ಬೇಕಾದ ತುಣುಕು) ಬಿಟ್ಟುಹೋಗಿರಲೂಬಹುದು.

ಈ ಕೆಲಸ ಮಾಡಿದವರು ದಯವಿಟ್ಟು ಹೇಳಿ: ಇವುಗಳನ್ನು ಕುಟುಂಬದ ಲೆಕ್ಕದಿಂದ ಬಿಡಬೇಕಾ, ಇಲ್ಲ ಆರ್‌ಎನ್‌ಎ-ಸೀಕ್ ರೀಡ್‌ಗಳನ್ನು (ಗಿಡದ ಆರ್‌ಎನ್‌ಎಯನ್ನು ಓದಿ ಸಿಕ್ಕ ತುಣುಕುಗಳನ್ನು) ಜೀನೋಮ್ ಮೇಲೆ ಕೂರಿಸಿ ಜೀನ್ ಮಾಡೆಲ್ ಸರಿಮಾಡಿ ಆಮೇಲೆ ಗುಂಪಿಗೆ ಸೇರಿಸಬೇಕಾ?